ಮೊದಲ ಮೂರು ಪೀಸು

ಪಾಪಕ್ಕನದು ಒಳ್ಳೆಯ ಮನಸ್ಸು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಏಕೆಂದರೆ ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯ ಆ ಪುಟ್ಟ ಬಕಲ್ ಕಾರ್ಖಾನೆಯಲ್ಲಿ ಅಂದು ನಡೆದ ಅನಾಹುತಕ್ಕೆಲ್ಲ ಆ ಒಳ್ಳೆಯ ಮನಸ್ಸೇ ಕಾರಣ.

ಕಾರ್ಖಾನೆಯಲ್ಲಿ ಒಂದು ಪದ್ಧತಿ ಇದೆ. ಹೊಸ ಡೈ, ಅಂದರೆ ತಗಡು ಕತ್ತರಿಸುವ ಅಚ್ಚು, ಪ್ರೆಸ್ಸಿಗೆ ಏರಿದಾಗ ಅದರಿಂದ ಉದುರುವ ಮೊದಲ ಮೂರು ಪೀಸು ಗಿರಾಕಿಗೆ ಹೋಗುವುದಿಲ್ಲ, ಅವು ಮುನೇಶ್ವರನಿಗೆ. ಮಾಲೀಕ ಸಂಜೀವಪ್ಪನವರು ಅದೇ ಜಾಗದಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದ ಕಾಲದಲ್ಲಿ ಮೊದಲ ಗೊಂಚಲು ದೇವರ ಮುಂದೆ ಇಡುತ್ತಿದ್ದರು. ಚಪ್ಪರ ಕಿತ್ತು ಶೆಡ್ಡು ಎಬ್ಬಿಸಿದ ಮೇಲೆ ಗೊಂಚಲಿನ ಜಾಗಕ್ಕೆ ಬಕಲ್ಲು ಬಂತು. ಗೋಡೆಯ ಮೇಲಿನ ಫೋಟೋದ ಮುಂದೆ ಮೂರು ಪೀಸು ಇಟ್ಟು, ಕುಂಕುಮ ಹಚ್ಚಿ, ಕೈಮುಗಿದು, ಆಮೇಲೆ ಕೆಲಸ.

ಪ್ಯಾಕಿಂಗ್ ಮೇಜಿನ ಪಾಪಕ್ಕ ಅಂದು ಬೆಳಗ್ಗೆ ಎಂಟು ಗಂಟೆಗೆ ಯಾರೂ ಬರುವ ಮುಂಚೆ ಬಂದಳು. ಮೇಜಿನ ಮೇಲೆ ಸ್ಯಾಂಪಲ್ ಸಸ್ಪೆಂಡರ್ ಮಲಗಿತ್ತು. ಭುಜದ ಮೇಲಿಂದ ಇಳಿದು ಪ್ಯಾಂಟನ್ನು ಎತ್ತಿ ಹಿಡಿಯುತ್ತದಲ್ಲ, ಆ ಎಲಾಸ್ಟಿಕ್ ಪಟ್ಟಿ. ಮುಂದೆ ಎರಡು, ಹಿಂದೆ ಒಂದು, ಒಟ್ಟು ಮೂರು ಕ್ಲಿಪ್ಪು. ಇವತ್ತು ಆ ಕ್ಲಿಪ್ಪು ಮಾಡಿದ ಮುನೀಂದ್ರನ ಹಣೆಬರಹ ತೀರ್ಮಾನವಾಗುವ ದಿನ, ದೇವರ ಮುಂದಿಟ್ಟ ಪೀಸನ್ನೇ ಅವನು ಮೈಮೇಲೆ ಹಾಕಿಕೊಂಡರೆ ಸ್ಯಾಂಪಲ್ ನೋಡಲು ಬರುವ ಯಾವ ಮೇಡಂ ತಾನೇ ಬೇಡ ಅಂದಾಳು ಎಂದು ಪಾಪಕ್ಕನಿಗೆ ಅನ್ನಿಸಿತು. ಪಟ್ಟಿಯಿಂದ ಮೂರೂ ಕ್ಲಿಪ್ಪು ಜಾರಿಸಿ ತೆಗೆದಳು. ದೇವರ ಮೂರನ್ನು ಸೆರಗಿನಲ್ಲಿ ಒರೆಸಿ ಪೋಣಿಸಿದಳು. ದೇವರಿಗೂ ಲುಕ್ಸಾನಾಗಬಾರದೆಂದು, ತೆಗೆದ ಮೂರನ್ನು ಫೋಟೋದ ಮುಂದಿಟ್ಟು ಕುಂಕುಮ ಹಚ್ಚಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಪುಣ್ಯ ಕಡಿಮೆಯಾಗುತ್ತದೆಂಬುದು ಅವಳ ಲೆಕ್ಕ.

ಮುನೀಂದ್ರ ಅನುಗೊಂಡನಹಳ್ಳಿಯವನು, ನಲವತ್ತೊಂದು ವಯಸ್ಸು. ಹದಿನಾರು ವರ್ಷದಿಂದ ಅಲ್ಲಿ ಡೈ ಫಿಟ್ಟರ್. ಹದಿನಾರು ವರ್ಷವೂ ಪ್ರೆಸ್ಸಿನ ಮುಂದೆ ನಿಂತೇ ಕೆಲಸ. ಸಂಜೆಯಾದರೆ ಮೊಣಕಾಲು ಎರಡೂ ಊದಿಕೊಂಡು, ಮನೆಯ ಮೂರು ಮೆಟ್ಟಿಲು ಹತ್ತುವಾಗ ಹೆಂಡತಿ ಮಮತಳ ಹೆಗಲು ಬೇಕಾಗುತ್ತಿತ್ತು. ನಿಂತು ಮಾಡುವ ಕೆಲಸ ಬಿಡದಿದ್ದರೆ ಇನ್ನೆರಡು ವರ್ಷಕ್ಕೆ ಕಾಲೇ ನಿನ್ನನ್ನು ಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಆಫೀಸು ರೂಮಿನಲ್ಲಿ ಒಂದು ತಿರುಗುವ ಕುರ್ಚಿ ಇತ್ತು, ಫ್ಯಾನಿನ ಕೆಳಗೆ, ಇನ್ನೂ ಪ್ಲಾಸ್ಟಿಕ್ ಕವರಿನೊಳಗೆ. ಅದು 'ಡಿಸೈನ್ ಇನ್‌ಚಾರ್ಜ್' ಕುರ್ಚಿ. "ನಿನ್ ಕ್ಲಿಪ್ಪು ಪಾಸಾಗ್ಲಿ, ಕವರ್ ನಾನೇ ಕಿತ್ತು ನಿನ್ನ ಕೂರಿಸ್ತೀನಿ" ಎಂದು ಸಂಜೀವಪ್ಪ ಮಾತು ಕೊಟ್ಟಿದ್ದರು.

ಅದಕ್ಕಾಗಿ ಆರು ತಿಂಗಳು ಮುನೀಂದ್ರ ಊಟದ ತಟ್ಟೆಯ ಮುಂದೆಯೂ ಹೆಬ್ಬೆರಳು ಆಡಿಸುತ್ತ ಕೂತಿದ್ದ. ಪೇಟೆಯ ಕ್ಲಿಪ್ಪುಗಳದ್ದು ಎರಡೇ ಜಾತಿ, ಜಾರಿ ಮಾನ ಕಳೆಯುವುದು ಒಂದು, ಉಗುರು ಕೀಳುವುದು ಇನ್ನೊಂದು. ಅವನ ಕ್ಲಿಪ್ಪು ಹಾಗಲ್ಲ. ಹಾಕಲು ಒಂದು ಬೆರಳು, ತೆಗೆಯಲು ಒಂದು ಹೆಬ್ಬೆರಳು, ಟಕ್ ಎಂದರೆ ಮುಗಿಯಿತು. ಗುಟ್ಟೆಲ್ಲ ಒಳಗಿನ ನಾಲಿಗೆಯ ತುದಿಯಲ್ಲಿತ್ತು. ತಗಡು ಕತ್ತರಿಸಿದಾಗ ಅಂಚಿನಲ್ಲಿ ಕೂದಲಷ್ಟು ಮುಳ್ಳು ಉಳಿಯುತ್ತದೆ. ಅದಿದ್ದರೆ ನಾಲಿಗೆ ಹೋಗಿ ಕೂತ ಕಡೆ ಬಟ್ಟೆಯನ್ನೂ ಪಟ್ಟಿಯನ್ನೂ ಸೇರಿಸಿ ಕಚ್ಚಿಕೊಂಡುಬಿಡುತ್ತದೆ. ಮೊದಲ ಮೂರು ಪೀಸಿನಲ್ಲಿ ಅದಿತ್ತು. ಆಮೇಲೆ ಮುನೀಂದ್ರ ಡೈಯನ್ನು ಹದಿನೈದು ದಿನ ಅರ ಹಾಕಿ, ಉಜ್ಜಿ, ಹೊಳಪು ಕೊಟ್ಟು ಆ ಮುಳ್ಳನ್ನು ನಿರ್ನಾಮ ಮಾಡಿದ್ದ.

ಹೀಗೆ ನಿರ್ನಾಮ ಮಾಡಿದ ಮುಳ್ಳನ್ನೇ ಅಂದು ಒಂಬತ್ತೂವರೆಗೆ ಅವನು ತನ್ನ ಪ್ಯಾಂಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ, ಪಾಪ.

ಪ್ಯಾಂಟೂ ವಿಶೇಷವಾದದ್ದೇ. ಸಸ್ಪೆಂಡರಿನ ಹಿಡಿತ ನೋಡಬೇಕು, ಆದ್ದರಿಂದ ಸೊಂಟ ಎರಡಿಂಚು ಸಡಿಲ ಇರಬೇಕು, ಬೆಲ್ಟಿನ ಪಟ್ಟಿ ಇರಕೂಡದು ಎಂದು ಬೆಂಗಳೂರಿನ ಮದುವೆ ಸೂಟಿನ ಕಂಪನಿಯ ಪ್ರಮೋದಾ ಮೇಡಂ ಬರೆದು ಕಳಿಸಿದ್ದರು. ಎಲಾಸ್ಟಿಕ್ ಕೂಡ ಅವರದೇ, ಮೇಲೆ ನಂಬರು, ಸಹಿ. ಇರುವುದು ಅದೊಂದೇ, ಕತ್ತರಿ ತಾಗಿಸಬಾರದು ಎಂದು ಕೆಳಗೆ ಗೆರೆ ಎಳೆದಿದ್ದರು.

ಮುನೀಂದ್ರ ಹಿಂದಿನ ಕ್ಲಿಪ್ಪು ಹಾಕಿಸಿಕೊಂಡ. ಎಡಗಡೆಯದು ತಾನೇ ಹಾಕಿಕೊಂಡ. ಬಲಗಡೆಯದು ಕೈಯಲ್ಲಿತ್ತು. ಅಷ್ಟರಲ್ಲಿ ಸಂಜೀವಪ್ಪ ಒಳಗೆ ಬಂದರು. ನಲವತ್ತಿಂಚಿನ ಸೊಂಟ, ಮಗಳ ಮದುವೆಗೆ ಹೊಲಿಸಿದ ಕೆನೆಬಣ್ಣದ ಪ್ಯಾಂಟು.

"ಹಿಡಿತ ಹೆಂಗೈತೋ?"

"ನೀವೇ ನೋಡಿ ಸಾರ್."

ಸಂಜೀವಪ್ಪ ಯಾವುದನ್ನೂ ದೂರದಿಂದ ನೋಡಿದವರಲ್ಲ. ಕ್ಲಿಪ್ಪನ್ನು ಅವನ ಕೈಯಿಂದ ಕಿತ್ತುಕೊಂಡು ತಮ್ಮ ಪ್ಯಾಂಟಿನ ಎಡಜೇಬಿನ ಅಂಚಿಗೆ ಹಾಕಿ ಅದುಮಿದರು. "ಎಳಿ ಈಗ."

ಮುನೀಂದ್ರ ಹಿಂದೆ ಸರಿದ. ಪಟ್ಟಿ ಬಿಗಿಯಿತು. ಸಂಜೀವಪ್ಪನವರೇ ಎರಡು ಹೆಜ್ಜೆ ಮುಂದಕ್ಕೆ ಬಂದರು, ಕ್ಲಿಪ್ಪು ಮಾತ್ರ ಅಲುಗಲಿಲ್ಲ.

"ಭೇಷ್! ಎತ್ತಿನ್ ಮೂಗುದಾರಾನೂ ಹಿಂಗೆ ಹಿಡಿಯಲ್ಲ ಕಣೋ. ಸರಿ, ಬಿಚ್ಚು."

ಮುನೀಂದ್ರ ನಗುತ್ತ ಹೆಬ್ಬೆರಳು ಒತ್ತಿದ. ಟಕ್ ಬರಲಿಲ್ಲ. ನಗು ಸ್ವಲ್ಪ ಇಳಿಯಿತು. ಎರಡು ಹೆಬ್ಬೆರಳು ಕೂಡಿಸಿ ಒತ್ತಿದ. ತನ್ನ ಎಡಗಡೆಯದನ್ನು ಒತ್ತಿ ನೋಡಿದ, ಬೆನ್ನಿನದಕ್ಕೆ ಕೈಹಾಕಿ ನೋಡಿದ. ಮೂರೂ ಗಂಟಲು ಕಟ್ಟಿದವರ ಹಾಗೆ ಸುಮ್ಮನಿದ್ದವು.

"ಯಾಕ್ಲಾ?"

"ಬತ್ತಿಲ್ಲ ಸಾರ್."

ಕ್ವಾಲಿಟಿ ನೋಡುವ ಹರಿಪ್ರಸಾದ್ ಓಡಿಬಂದ. ಆ ಕುರ್ಚಿಯ ಮೇಲೆ ಅವನಿಗೂ ಒಂದು ಕಣ್ಣಿತ್ತು. ಆದ್ದರಿಂದ ಅವನ ಗಾಬರಿಯಲ್ಲಿ ಅರ್ಧ ಸಂತೋಷವೇ. "ಅಣ್ಣ, ನಿನ್ನೆ ಚೆನ್ನಾಗ್ ಬಿಚ್ಕೊಳ್ತಿತ್ತಲ್ಲ!" ಎಂದು ಬೇಕೆಂದೇ ಜೋರಾಗಿ ಕೇಳಿದ.

ಆಗ ಪಾಪಕ್ಕ ಮುಂದೆ ಬಂದು ಕೈಕಟ್ಟಿ ನಿಂತಳು. "ಅದು ದೇವ್ರ ಪೀಸು ಕಣಪ್ಪ. ಅಷ್ಟ್ ಸಲೀಸಾಗಿ ಬಿಡ್ತದಾ?"

ಮುನೀಂದ್ರ ಅವಳ ಮುಖ ನೋಡಿದ, ಫೋಟೋದ ಮುಂದೆ ಕುಂಕುಮ ಹಚ್ಚಿಕೊಂಡು ಹೊಳೆಯುತ್ತಿದ್ದ ತನ್ನ ಆರು ತಿಂಗಳ ದುಡಿಮೆ ನೋಡಿದ. ಎಲ್ಲ ಅರ್ಥವಾಯಿತು. "ಪಾಪಕ್ಕ, ಅದರಲ್ಲಿ ಮುಳ್ಳೈತೆ ಕಣಕ್ಕ! ಒಂದ್ಸಲ ಕಚ್ಕೊಂಡ್ರೆ ಗ್ರೈಂಡರ್ ಹಾಕೇ ತೆಗೀಬೇಕು!"

"ಗ್ರೈಂಡರ್ ಎಲ್ಲಿಗೋ?" ಎಂದರು ಸಂಜೀವಪ್ಪ.

ಮುನೀಂದ್ರ ಅವರ ಜೇಬಿನ ಕಡೆಗೆ ಬೆರಳು ತೋರಿಸಿದ. "ಅಲ್ಲಿಗೇ ಸಾರ್."

ಸಂಜೀವಪ್ಪ ಎರಡೂ ಕೈಯಿಂದ ಆ ಜಾಗ ಮುಚ್ಚಿಕೊಂಡರು. ಪಾಪಕ್ಕ ಕತ್ತರಿ ತಂದಳು. ಜೇಬಿನ ಅಂಚು ಕತ್ತರಿಸಿದರೆ ಒಳಗಿನ ಪಟಾಪಟಿ ಚಡ್ಡಿ ಕಿಟಕಿ ತೆಗೆದಂತೆ ಕಾಣುತ್ತದೆ. ಪಟ್ಟಿ ಕತ್ತರಿಸಿದರೆ ಮೇಡಮ್ಮಿನ ಸಹಿ ಹೋಗುತ್ತದೆ. ಪ್ಯಾಂಟೇ ಬಿಚ್ಚಿ ಕೊಡೋಣವೆಂದರೆ ನಲವತ್ತರ ಸೊಂಟಕ್ಕೆ ಆಗುವ ಬೇರೆ ಪ್ಯಾಂಟು ಕಾರ್ಖಾನೆಯಲ್ಲೇ ಇರಲಿಲ್ಲ. ಮುನೀಂದ್ರ ತನ್ನದನ್ನು ಬಿಚ್ಚಿದರೆ ಅದು ಸಂಜೀವಪ್ಪನವರ ಜೇಬಿಗೇ ನೇತಾಡುತ್ತದೆ. ಇದೆಲ್ಲ ಚರ್ಚೆಯಾಗುತ್ತಿರುವಾಗ ಗೇಟಿನಿಂದ ಫೋನು ಬಂತು. ಎಂದೂ ಇಲ್ಲದ್ದು ಅಂದು ಕೆ.ಆರ್. ಪುರದಲ್ಲಿ ಟ್ರಾಫಿಕ್ಕೇ ಇರಲಿಲ್ಲವಂತೆ. ಮೇಡಂ ಒಂದು ಗಂಟೆ ಮೊದಲೇ ಬಂದುಬಿಟ್ಟಿದ್ದರು.

"ಸಾರ್, ಇರೋ ವಿಷ್ಯ ಹೇಳ್ಬಿಡೋಣ" ಎಂದ ಮುನೀಂದ್ರ.

"ಏನಂತ ಹೇಳ್ತೀಯಾ? ನಮ್ ಕ್ಲಿಪ್ಪು ನಮ್ಗೇ ಬಿಚ್ಚಕ್ಕಾಗಲ್ಲ ಅಂತಾನಾ? ಆರ್ಡರ್ ಹೋದ್ರೆ ಕುರ್ಚೀನೂ ಹೋಯ್ತು ಅಂದ್ಕೋ. ಬಾ ನನ್ ಜೊತೆ, ಮೈಗಂಟ್ಕೊಂಡ್ ಬಾ."

ಕುರ್ಚಿಯ ಹೆಸರು ಕೇಳಿದ ಮೇಲೆ ಮುನೀಂದ್ರನಿಗೆ ಬೇರೆ ದಾರಿಯಿರಲಿಲ್ಲ.

ಸೆರಗಿಗೆ ಗಂಟು ಹಾಕಿಸಿಕೊಂಡ ಹೊಸ ಜೋಡಿಯಂತೆ ಇಬ್ಬರೂ ಗೇಟಿಗೆ ಹೊರಟರು. ನಡುವಿನ ಪಟ್ಟಿ ಕಾಣದಂತೆ ಸಂಜೀವಪ್ಪ ಒಂದು ರೆಕ್ಸಿನ್ ಫೈಲು ಹಿಡಿದಿದ್ದರು. ಅವರ ಹೆಜ್ಜೆ ದೊಡ್ಡದು, ಇವನ ಹೆಜ್ಜೆ ಚಿಕ್ಕದು. ಅವರು ಮುಂದಾದಾಗಲೆಲ್ಲ ಇವನ ಸಡಿಲ ಪ್ಯಾಂಟು ಒಂದು ಪಕ್ಕಕ್ಕೆ ಏರುತ್ತಿತ್ತು.

ಪ್ರಮೋದಾ ಮೇಡಂ ಕಾರಿನಿಂದ ಇಳಿದರು. ಐವತ್ತರ ಆಸುಪಾಸು, ಕತ್ತರಿಸಿದ ಕೂದಲು, ಕೈಯಲ್ಲಿ ಪುಟ್ಟ ಪುಸ್ತಕ, ನಗದ ಮುಖ. ಒತ್ತಿಕೊಂಡು ನಿಂತ ಇಬ್ಬರನ್ನೂ ನೋಡಿ, "ಇವರು?" ಎಂದರು.

"ಮುನೀಂದ್ರ ಅಂತ ಮೇಡಂ, ಡಿಸೈನ್ ಮಾಡ್ದೋನು. ನನ್ ಬಲಗೈ ಇದ್ದಂಗೆ."

ಬಲಗೈ ಅವರ ಎಡಗಡೆ ನಿಂತು ಬೆವರುತ್ತಿತ್ತು. ಮೇಡಂ ಏನೋ ಬರೆದುಕೊಂಡರು.

"ಮೊದಲು ಮೆಷಿನ್ ನೋಡೋಣ" ಎಂದರು. ಎರಡು ಪ್ರೆಸ್ಸಿನ ನಡುವಿನ ದಾರಿ ಒಬ್ಬರಿಗೆ ಮಾತ್ರ ಸಾಕು. ಮಾಲೀಕರೂ ಫಿಟ್ಟರೂ ಅಡ್ಡಡ್ಡ ನಡೆದು ದಾಟಿದರು. ಅರ್ಧ ದಾರಿಯಲ್ಲಿ ಪಟ್ಟಿ ಹ್ಯಾಂಡಲಿಗೆ ಸಿಕ್ಕಿಕೊಂಡಿತು. ಸಂಜೀವಪ್ಪ ಗಮನಿಸದೆ ಮುಂದಕ್ಕೆ ಹೋದರು. ಎಲಾಸ್ಟಿಕ್ಕು ಅವರನ್ನು ತಿರುಗಿ ಎಳೆದು ಮುನೀಂದ್ರನ ಎದೆಗೆ ತಂದು ಬಡಿಯಿತು. ಕೆಲಸಗಾರರೆಲ್ಲ ತಲೆ ತಗ್ಗಿಸಿ ಕೆಮ್ಮತೊಡಗಿದರು.

"ನಿಮ್ಮಲ್ಲಿ ತುಂಬಾ ಆತ್ಮೀಯತೆ" ಎಂದರು ಮೇಡಂ.

"ಒಂದೇ ಮನೆಯೋರ್ ಥರ ಇರ್ತೀವಿ ಮೇಡಂ."

ಆಫೀಸಿನಲ್ಲಿ ಇನ್ನೊಂದು ಗಂಡಾಂತರ ಕಾದಿತ್ತು. ಸಂಜೀವಪ್ಪ ತಮ್ಮ ಕುರ್ಚಿಯಲ್ಲಿ ಕೂತ ಕೂಡಲೇ ಮುನೀಂದ್ರ ಅರ್ಧಕ್ಕೆ ಬಾಗಬೇಕಾಯಿತು. ಬಾಗಿಯೇ ನಿಲ್ಲಲು ಆಗುತ್ತದೆಯೇ? ಪಕ್ಕದಲ್ಲಿ ಇದ್ದದ್ದು ಆ ಒಂದೇ ಕುರ್ಚಿ. ಅದರ ತುದಿಯಲ್ಲಿ ಮೆಲ್ಲಗೆ ಕೂತ. ಪ್ಲಾಸ್ಟಿಕ್ಕು ಕಿರ್ ಎಂದಿತು. ಬೆಳಗಿನಿಂದ ನೋಯುತ್ತಿದ್ದ ಮೊಣಕಾಲುಗಳಿಗೆ ಒಮ್ಮೆಲೇ ಜೀವ ಬಂತು. ಅಷ್ಟು ಭಯದ ನಡುವೆಯೂ ಮುನೀಂದ್ರನಿಗೆ ಅಳು ಬರುವಷ್ಟು ಸುಖವಾಯಿತು. ಹೇಗಾದರೂ ಇದು ದಕ್ಕಲಿ ಮುನೇಶ್ವರಾ ಎಂದು ಬೇಡಿಕೊಂಡ. ಬಾಗಿಲಲ್ಲಿ ನಿಂತ ಹರಿಪ್ರಸಾದನ ಮುಖ ಹುಳಿ ಹಿಂಡಿದಂತಾಗಿತ್ತು.

ದೇವರ ಮುಂದಿನಿಂದ ತಂದು ಒರೆಸಿದ ಅಸಲಿ ಕ್ಲಿಪ್ಪುಗಳನ್ನು ಸಂಜೀವಪ್ಪ ಮೇಜಿನ ಮೇಲಿಟ್ಟು, ಒಂದು ಬಟ್ಟೆಯ ತುಂಡಿಗೆ ಹಾಕಿ, ಹೆಬ್ಬೆರಳು ಒತ್ತಿದರು. ಟಕ್!

"ನೋಡಿ ಮೇಡಂ, ಬೆಣ್ಣೆ ಥರ ಬಿಚ್ಕೊಳ್ತದೆ."

ಮೇಡಂ ಬರೆದುಕೊಂಡರು.

ಮತ್ತೆ ಟಕ್. ಮತ್ತೆ ಬರೆದುಕೊಂಡರು. ಸಂಜೀವಪ್ಪ ಹುರುಪಿನಿಂದ ಇಪ್ಪತ್ತು ಸಲ ಬಿಚ್ಚಿ ತೋರಿಸಿದರು. ಇಪ್ಪತ್ತು ಸಲವೂ ಮೇಡಮ್ಮಿನ ಪೆನ್ನು ಓಡಿತು. ಮುಖ ಮಾತ್ರ ಹಾಗೇ ಇತ್ತು.

"ಸರಿ, ಈಗ ಹಾಕಿಕೊಂಡಿರೋದನ್ನ ನೋಡ್ಬೇಕು. ಮುನೀಂದ್ರ ಅವರು ಸ್ವಲ್ಪ ಆ ಕಡೆ ಹೋಗಿ ಒಬ್ಬರೇ ನಿಂತ್ಕೊಳ್ಳಿ."

ಸಂಜೀವಪ್ಪ ಎದ್ದು ನಿಂತರು. "ಒಂದ್ ನಿಮಿಷ ಮೇಡಂ, ಬಾತ್‌ರೂಮಿಗ್ ಹೋಗಿ ಬರ್ತೀನಿ."

"ಹೋಗಿ ಬನ್ನಿ."

ಮುನೀಂದ್ರನೂ ಜೊತೆಗೇ ಎದ್ದ. ಮೇಡಂ ಪೆನ್ನು ಕೆಳಗಿಟ್ಟು ಇಬ್ಬರನ್ನೂ ನೋಡತೊಡಗಿದರು.

ಕಾರ್ಖಾನೆಯ ಬಾತ್‌ರೂಮು ಒಬ್ಬರಿಗೇ ಇಕ್ಕಟ್ಟು. ಅದರೊಳಗೆ ಮಾಲೀಕರು, ಫಿಟ್ಟರು, ಕಟಿಂಗ್ ಪ್ಲೈಯರ್ ಹಿಡಿದ ಹರಿಪ್ರಸಾದ್ ಮೂವರೂ ತುಂಬಿಕೊಂಡು ಚಿಲಕ ಹಾಕಿದರು. ಪಾಪಕ್ಕ ಬಾಗಿಲ ಸಂದಿಯಿಂದ ಕೊಬ್ಬರಿ ಎಣ್ಣೆಯ ಬಾಟ್ಲಿ ತೂರಿಸಿದಳು. ಎಣ್ಣೆ ಹಾಕಿದ್ದರಿಂದ ಕೆನೆಬಣ್ಣದ ಪ್ಯಾಂಟಿನ ಮೇಲೆ ಅಂಗೈಯಗಲ ಕಲೆಯಾಯಿತು, ಬೇರೇನೂ ಆಗಲಿಲ್ಲ. ಸಂಜೀವಪ್ಪ ಅವಸರದಲ್ಲಿ ಮನೆಗೆ ಫೋನು ಮಾಡಿದರು.

"ಭಾಗ್ಯಾ, ಬೇಗ ಒಂದ್ ಪ್ಯಾಂಟ್ ಕಳ್ಸು."

ಇಕ್ಕಟ್ಟಿನಲ್ಲಿ ಭಾಗ್ಯಮ್ಮನವರ ದನಿ ಎಲ್ಲರಿಗೂ ಕೇಳಿಸಿತು. "ಬೆಳಗ್ಗೆ ಹಾಕ್ಕೊಂಡೋಗಿದ್ ಪ್ಯಾಂಟು ಏನಾಯ್ತು?"

"ಮುನೀಂದ್ರನ್ ಪ್ಯಾಂಟಿಗೆ ಸಿಕ್ಕಾಕ್ಕೊಂಡೈತೆ."

"ಈಗೆಲ್ಲಿದೀರಾ?"

"ಬಾತ್‌ರೂಮಲ್ಲಿ."

"ಅವನೂ ಅಲ್ಲೇ ಅವ್ನಾ?"

"ಹೂಂ ಕಣೆ, ಹರಿಪ್ರಸಾದೂ ಅವ್ನೆ. ಮೊದ್ಲು ಪ್ಯಾಂಟ್ ಕಳ್ಸು!"

"ಕಳ್ಸಲ್ಲ. ನಾನೇ ಬತ್ತಾ ಇದೀನಿ" ಎಂದು ಭಾಗ್ಯಮ್ಮ ಫೋನಿಟ್ಟರು.

ಹರಿಪ್ರಸಾದ್ ಪ್ಲೈಯರಿನಿಂದ ಕ್ಲಿಪ್ಪಿನ ಕೊರಳು ಹಿಡಿದು, ಗೋಡೆಗೆ ಕಾಲು ಕೊಟ್ಟು, ಉಸಿರು ಕಟ್ಟಿ ಎಳೆದ. ಎಣ್ಣೆಗೆ ಪ್ಲೈಯರ್ ಜಾರಿತು. ಅವನ ಬೆನ್ನು ಬಾಗಿಲಿಗೆ ಅಪ್ಪಳಿಸಿತು. ಚಿಲಕ ಕಿತ್ತುಬಂತು. ಮೂವರೂ ಒಬ್ಬರ ಮೇಲೊಬ್ಬರು ಹೊರಗೆ ಉರುಳಿದರು.

ಎದುರಿಗೆ ಮೇಡಂ ನಿಂತಿದ್ದರು. ಫೈಲು ಒಂದು ಮೂಲೆಗೆ ಹಾರಿತ್ತು. ಮಾಲೀಕರ ಜೇಬಿನಿಂದ ಫಿಟ್ಟರನ ಭುಜದವರೆಗೆ ಎಲಾಸ್ಟಿಕ್ಕು ಬಟ್ಟೆ ಒಣಹಾಕುವ ದಾರದಂತೆ ಬಿಗಿದು ನಿಂತಿತ್ತು.

"ಇದು ಯಾವಾಗಿಂದ?" ಎಂದರು ಮೇಡಂ.

ಸಂಜೀವಪ್ಪ ಬಾಯಿ ತೆರೆಯುವಷ್ಟರಲ್ಲಿ ಮುನೀಂದ್ರ ಹೇಳಿಬಿಟ್ಟ. ಇನ್ನು ಸುಳ್ಳು ಹೇಳುವ ತ್ರಾಣ ಅವನಲ್ಲಿರಲಿಲ್ಲ. "ಬೆಳಗ್ಗೆ ಒಂಬತ್ತೂ ಮುಕ್ಕಾಲಿಂದ ಮೇಡಂ."

ಮೇಡಂ ಬಗ್ಗಿ ಪಟ್ಟಿ ಹಿಡಿದು ಎಳೆದರು. ಜೋರಾಗಿ ಎಳೆದರು. "ಬಿಚ್ಚೋದೇ ಇಲ್ವಾ?"

"ಇಲ್ಲ ಮೇಡಂ."

"ಎಣ್ಣೆ ಹಾಕಿದ್ರೂ? ಪ್ಲೈಯರ್ ಹಾಕಿದ್ರೂ?"

"ಇಲ್ಲ." ಮುನೀಂದ್ರ ಕೈಮುಗಿದ. "ತಪ್ಪಾಯ್ತು ಮೇಡಂ. ಇದು ಕಚ್ಚಾ ಪೀಸು, ದೇವರ ಮುಂದೆ ಇಟ್ಟಿದ್ದು. ನಂದು ಇದಲ್ಲ. ನನ್ನ ಡಿಸೈನು ಮೇಜಿನ ಮೇಲಿರೋದು, ಟಕ್ ಅಂತ ಬಿಚ್ಕೊಳ್ತದೆ, ನೀವೇ ನೋಡಿದ್ರಲ್ಲ."

"ನೋಡ್ದೆ. ಇಪ್ಪತ್ತು ಸಲ ಬಿಚ್ಕೊಳ್ತು, ಇಪ್ಪತ್ತು ಸಲಾನೂ ತಪ್ಪು ಅಂತ ಗುರುತು ಹಾಕಿದೀನಿ." ಮೇಡಮ್ಮಿನ ಮುಖದಲ್ಲಿ ಅಂದು ಮೊದಲ ಬಾರಿಗೆ ನಗು ಕಾಣಿಸಿತು. "ನಾವು ಸೂಟು ಮಾರೋದಿಲ್ಲ ಮುನೀಂದ್ರ ಅವರೆ, ಬಾಡಿಗೆಗೆ ಕೊಡ್ತೀವಿ. ಮದುವೆಗೆ ಮುಂಚೆ ಫೋಟೋ ತೆಗೆಸ್ಕೋತಾರಲ್ಲ, ಅದಕ್ಕೆ. ಸಂಜೆ ಸೂಟು ವಾಪಸ್ ಬರುತ್ತೆ, ಸಸ್ಪೆಂಡರ್ ಬರೋದಿಲ್ಲ. ಬಿಚ್ಚಿ ಮನೇಲಿ ಇಟ್ಕೊಂಡುಬಿಡ್ತಾರೆ! ನನಗೆ ಬೇಕಾಗಿರೋದು ಒಂದು ಸಲ ಹಾಕಿದ್ರೆ ಪ್ಯಾಂಟು ಹರಿಯೋವರೆಗೂ ಬಿಚ್ಚಬಾರದು, ಅಂಥದ್ದು. ಆರು ಕಾರ್ಖಾನೆ ಸುತ್ತಿದೆ, ಹಿಡಿತ ನೋಡ್ಬೇಕು ಅಂತ ಬರೆದು ಕೊಟ್ರೂ ಎಲ್ಲರೂ ಟಕ್ ಅಂತ ಬಿಚ್ಚಿ ತೋರಿಸೋರೇ."

ಅಲ್ಲೇ ಬಾತ್‌ರೂಮಿನ ಬಾಗಿಲಲ್ಲೇ ಆರ್ಡರು ಪಾಸಾಯಿತು. ಮೇಡಂ ಪಟ್ಟಿಗೆ ಒಂದು ಚೀಟಿ ಕಟ್ಟಿ, ಸಹಿ ಹಾಕಿ, ಅರಗಿನ ಮುದ್ರೆ ಒತ್ತಿದರು. ಒಪ್ಪಿಗೆಯಾದ ಸ್ಯಾಂಪಲ್ಲು ಹೇಗಿದೆಯೋ ಹಾಗೇ ಕಂಪನಿಗೆ ಹೋಗಬೇಕು, ಅದು ಕಾನೂನು. ಹೇಗಿತ್ತೆಂದರೆ ಎರಡು ಪ್ಯಾಂಟಿನ ಸಮೇತ ಇತ್ತು. ಬುಸುಗುಡುತ್ತ ಬಂದ ಭಾಗ್ಯಮ್ಮನ ಕೈಯಿಂದ ಹೊಸ ಪ್ಯಾಂಟು ಇಸಿದುಕೊಂಡು ಸಂಜೀವಪ್ಪ ಬಾಗಿಲ ಮರೆಗೆ ಹೋದರು. ಮುನೀಂದ್ರ ತನ್ನ ಎಂದಿನ ಎಣ್ಣೆಗಟ್ಟಿದ ಯೂನಿಫಾರಂ ಪ್ಯಾಂಟು ಏರಿಸಿಕೊಂಡ. ಏರಿಸಿಕೊಳ್ಳುವಾಗಲೂ ಅವನ ಮನಸ್ಸು ಹಕ್ಕಿಯಷ್ಟು ಹಗುರವಾಗಿತ್ತು. ಹೇಗಾದರೇನು, ಪಾಸಾಯಿತಲ್ಲ! ಸಂಜೆ ಮಮತಳ ಹೆಗಲು ಹಿಡಿಯದೆ ಮೆಟ್ಟಿಲು ಹತ್ತುವುದನ್ನು ನೆನೆದು ಒಬ್ಬನೇ ನಕ್ಕ.

ಕಾರು ಹತ್ತುವ ಮುಂಚೆ ಮೇಡಂ ಕೇಳಿದರು. "ಈ ಪೀಸನ್ನ ಆರಿಸಿ ಹಾಕಿದ್ದು ಯಾರು?"

ಎಲ್ಲರೂ ಪಾಪಕ್ಕನ ಕಡೆ ನೋಡಿದರು. ಪಾಪಕ್ಕ ಮುನೇಶ್ವರನ ಕಡೆ ನೋಡಿದಳು.

"ಪ್ರತಿ ಪೀಸೂ ಇವರೇ ನೋಡಿ ಪಾಸು ಮಾಡಲಿ. ಮತ್ತೆ ಸಂಜೀವಪ್ಪನೋರೆ, ಇನ್ನೊಂದು ಷರತ್ತು. ಡೈ ಬದಲಾಗಬಾರದು, ಪ್ರೆಸ್ಸಿನ ಮುಂದೆ ನಿಂತಿರೋ ಮನುಷ್ಯನೂ ಬದಲಾಗಬಾರದು. ಆ ಮೊದಲ ಮೂರು ಪೀಸು ಯಾರ ಕೈಯಿಂದ ಬಂತೋ ಆ ಕೈಯೇ ಬೇಕು. ಮೂರು ವರ್ಷದ ಆರ್ಡರು."

ಕಾರು ಹೋಯಿತು. ಸಂಜೀವಪ್ಪ ಕೊಟ್ಟ ಮಾತು ಮರೆಯುವವರಲ್ಲ, ಸೀದಾ ಆಫೀಸಿಗೆ ಹೋಗಿ ತಾವೇ ಕುರ್ಚಿಯ ಪ್ಲಾಸ್ಟಿಕ್ ಕವರು ಪರಪರ ಕಿತ್ತರು. "ಬಾರಮ್ಮ ಪಾಪಕ್ಕ, ಕೂತ್ಕೋ."

"ಸಾರ್!" ಮುನೀಂದ್ರ ಒಂದು ಹೆಜ್ಜೆ ಮುಂದೆ ಬಂದ. "ಸಾರ್, ಡಿಸೈನು ನಂದು."

"ನೀನ್ ಆರ್ ತಿಂಗ್ಳು ಕೂತು ಮಾಡಿದ್ದು ಬಿಚ್ಕೊಳ್ಳೋ ಡಿಸೈನು ಕಣೋ. ಪಾಸಾಗಿದ್ದು ಬಿಚ್ಕೊಳ್ಳದೇ ಇರೋದು." ಸಂಜೀವಪ್ಪ ಪ್ರೀತಿಯಿಂದಲೇ ಅವನ ಬೆನ್ನು ತಟ್ಟಿದರು. "ಹೋಗು, ಪ್ರೆಸ್ಸತ್ರ ನಿಂತ್ಕೋ. ಮೂರ್ ವರ್ಷ ನಿನ್ನ ಅಲ್ಲಿಂದ ಯಾವನೂ ಅಲ್ಲಾಡ್ಸಂಗಿಲ್ಲ, ಮೇಡಮ್ಮೇ ಬರ್ಕೊಟ್ಟೋಗವ್ರೆ."

ಮಧ್ಯಾಹ್ನ ಎರಡೂವರೆಗೆ ಮುನೀಂದ್ರ ಡೈ ಬಿಚ್ಚಿ, ಹದಿನೈದು ದಿನ ಉಜ್ಜಿ ಕನ್ನಡಿಯಂತೆ ಮಾಡಿದ್ದ ಅಂಚನ್ನು ಒರಟು ಅರದಿಂದ ತಾನೇ ಕೆಡಿಸತೊಡಗಿದ. ಚಂದ ಮಾಡುವುದಕ್ಕಿಂತ ಕೆಡಿಸುವುದು ಕಷ್ಟ ಎಂದು ಗೊತ್ತಾಗಲು ಅವನಿಗೆ ಬಹಳ ಹೊತ್ತು ಹಿಡಿಯಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಮೊಣಕಾಲು ಊದಿಕೊಂಡಿತ್ತು. ಮೊದಲ ಮೂರು ಪೀಸು ದೇವರಿಗಿಟ್ಟು, ನಾಲ್ಕನೆಯದನ್ನು ಕುಂಟುತ್ತ ಆಫೀಸಿಗೆ ಒಯ್ದ.

ಫ್ಯಾನಿನ ಕೆಳಗೆ, ಕಾಲು ನೆಲಕ್ಕೆ ಎಟುಕದೆ, ಪಾಪಕ್ಕ ಅರ್ಧ ಸುತ್ತು ಆ ಕಡೆ ಅರ್ಧ ಸುತ್ತು ಈ ಕಡೆ ತಿರುಗುತ್ತಿದ್ದಳು. ಕ್ಲಿಪ್ಪನ್ನು ಸೆರಗಿನ ತುದಿಗೆ ಹಾಕಿ, ಹೆಬ್ಬೆರಳು ಒತ್ತಿದಳು.

ಟಕ್.

ಪಾಪಕ್ಕ ಬಹಳ ನೊಂದುಕೊಂಡು ಅವನ ಮುಖ ನೋಡಿದಳು. ಅವಳದು ಒಳ್ಳೆಯ ಮನಸ್ಸು.

"ಬಿಚ್ಕೊಂತು ಕಣಪ್ಪ ಮುನೀಂದ್ರ. ರಿಜೆಕ್ಟು."